ಹಳೇ ಕಟ್ಟಡಕ್ಕೆ ಹೊಸ ಒಕ್ಕಲು: ಈ ಕೆಲಸಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಮಡಿಕೇರಿಯ ಮಹದೇವಪೇಟೆ ಕಡೆ ಬೀಗ ಬಿದ್ದಿರುವ ಹಳೇ ಅಂಗಡಿ, ಮನೆಗಳ ಬಗ್ಗೆ ನಾವು ಕೆಲವರು ಸೇರಿ ಒಂದು ಕರಪತ್ರ ಬರೆಯುತ್ತಿದ್ದೇವೆ. ಕೆಡವಬೇಡಿ, ಸರಿಮಾಡಿ ಬೇರೆ ಕೆಲಸಕ್ಕೆ ಕೊಡಿ, ಆಗ ಆ ಬೀದಿಗೂ ಜೀವ ಬರುತ್ತದೆ ಅನ್ನುವುದು ನಮ್ಮ ಮಾತು. ನಾನು 'ಹಳೆಯ ಕಟ್ಟಡಗಳ ಮರುಬಳಕೆ' ಅಂತ ಬರೆದೆ. ಓದಿದ ಹಿರಿಯ ಅಂಗಡಿಯವರೊಬ್ಬರು, "ಒಡೆದು ಕಲ್ಲು, ಮರ ಎಲ್ಲ ಬೇರೆ ಕಡೆ ಹಾಕ್ತೀರಾ?" ಎಂದು ಗಾಬರಿಯಿಂದ ಕೇಳಿದರು. ಅವರ ಕಿವಿಗೆ ಮರುಬಳಕೆ ಅಂದರೆ ಪ್ಲಾಸ್ಟಿಕ್ ಬಾಟಲಿ, ಹಳೇ ಪೇಪರ್. ಅವರು ಹೇಳಿದ್ದು ಸರಿ ಅನ್ನಿಸಿತು. ಆ ಪದ ಈಗ ಕಸದ ಗಾಡಿಯ ಜೊತೆ ಹೊರಟುಹೋಗಿದೆ.

ಕೆಲಸವೇನೂ ನಮಗೆ ಹೊಸದಲ್ಲ. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರು 1859ರಲ್ಲಿ ಕಟ್ಟಿದ ಚರ್ಚು ಇವತ್ತು ಸರ್ಕಾರಿ ವಸ್ತುಸಂಗ್ರಹಾಲಯ. ಅದೇ ಕೋಟೆಯ ಅರಮನೆಯಲ್ಲಿ ಎಷ್ಟೋ ವರ್ಷ ಡಿಸಿ ಆಫೀಸು ನಡೆಯಿತು. ಜನರಲ್ ತಿಮ್ಮಯ್ಯ ಬೆಳೆದ ಮನೆ ಸನ್ನಿ ಸೈಡ್ ಅಂತೂ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. ಲೈಸೆನ್ಸಿಗಾಗಿ ಅದರ ಮೆಟ್ಟಿಲು ಹತ್ತಿದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. 2021ರ ಫೆಬ್ರವರಿಯಲ್ಲಿ ಅದು ಅವರ ನೆನಪಿನ ಮ್ಯೂಸಿಯಂ ಆಗಿ ತೆರೆಯಿತು. ಒಂದೇ ಗೋಡೆ, ಮೂರು ಬದುಕು. ಇದನ್ನು ಒಂದು ಮಾತಿನಲ್ಲಿ ಏನೆಂದು ಕರೆಯುತ್ತೀರಿ?

'ಜೀರ್ಣೋದ್ಧಾರ' ಅನ್ನುತ್ತೀರೇನೋ. ಒಳ್ಳೆಯ ಪದ, ಹಳೆಯ ಪದ. ನಮ್ಮ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಅಂತ ಭೂಮಿ ಬಿಟ್ಟಿದ್ದು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದು ಸರಿಪಡಿಸಲು ಅಂತ ಅರ್ಥ. ಆದರೆ ಅದು ಗುಡಿ, ಬಸದಿಗಳ ಮಾತು. ಗುಡಿ ಜೀರ್ಣೋದ್ಧಾರ ಆದ ಮೇಲೂ ಗುಡಿಯೇ. ನಮ್ಮ ಕಟ್ಟಡ ಹಾಗಲ್ಲ, ಅದರ ಕಸುಬೇ ಬದಲಾಗುತ್ತದೆ.

ಪೇಪರಿನವರು 'ಕಾಯಕಲ್ಪ' ಅನ್ನುತ್ತಾರೆ. ಮುದುಕನನ್ನು ಯುವಕ ಮಾಡುವ ಮಾತದು. ನಮಗೆ ಬೇಕಾದ್ದು ಅದಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದು ಹೊಸದು ಮಾಡಿದರೆ ಒಳಗಿನ ತೇವ ಆರುವುದಿಲ್ಲ. ನಮ್ಮ ಮಳೆಗೆ ಅಂಥ ಗೋಡೆ ಒಳಗಿಂದಲೇ ಉದುರತೊಡಗುತ್ತದೆ. ವಯಸ್ಸು ವಯಸ್ಸಾಗಿಯೇ ಕಾಣಲಿ, ಅಲ್ವಾ?

'ಪುನರ್ವಸತಿ' ಅಂತ ಒಬ್ಬ ಗೆಳೆಯ ಸೂಚಿಸಿದ. ಬೇರೆ ಊರಿನಲ್ಲಿ ನಡೆದೀತು. ಕೊಡಗಿನಲ್ಲಿ 2018ರ ಆಗಸ್ಟ್ ಆದಮೇಲೆ ಆ ಪದ ಗುಡ್ಡ ಕುಸಿದು ಮನೆ ಕಳೆದುಕೊಂಡವರದ್ದು. ಅದನ್ನು ಅಂಗಡಿ ಸಾಲಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಖಾಲಿ ಬಿದ್ದ ಕಟ್ಟಡಕ್ಕೆ ಪದ ಹುಡುಕುವುದು ಕಷ್ಟವಾಗಲಿಲ್ಲ. 'ಪಾಳು' ಇದ್ದೇ ಇದೆ. ಹಳಗನ್ನಡದ ಪಕಾರ ಹಕಾರವಾಗಿ 'ಹಾಳು' ಆಯಿತು, ಆದರೂ 'ಪಾಳು' ಪಕ್ಕದಲ್ಲೇ ಉಳಿದುಕೊಂಡಿತು. ನಮ್ಮಲ್ಲಿ ಸುಗ್ಗಿ ಹಬ್ಬವನ್ನು ಕೊಡವರು ಪುತ್ತರಿ ಅಂದರೆ ಕನ್ನಡದವರು ಹುತ್ತರಿ ಅನ್ನುವ ಹಾಗೆ. ಈಗ ಎರಡಕ್ಕೂ ಅರ್ಥ ಸ್ವಲ್ಪ ಬೇರೆ. 'ಹಾಳು ಮನೆ' ಬೈಗುಳದಂತೆ ಕೇಳುತ್ತದೆ, 'ಪಾಳು ಮನೆ' ಅಂದರೆ ಯಾರೂ ಇಲ್ಲದ್ದು. ಕಂದಾಯ ದಾಖಲೆಯಲ್ಲಿ ಜನರಿಲ್ಲದ ಊರನ್ನು 'ಬೇಚಿರಾಕ್' ಅನ್ನುತ್ತಾರೆ. ಫಾರ್ಸಿಯಿಂದ ಬಂದದ್ದು, ದೀಪವಿಲ್ಲದ್ದು ಅಂತ ಅರ್ಥ. ಮಹದೇವಪೇಟೆಯಲ್ಲಿ ಸಂಜೆ ನಡೆದರೆ ಆ ಪದ ನೆನಪಾಗುತ್ತದೆ.

ಹೀಗೆ ಯೋಚಿಸುತ್ತಾ 'ಒಕ್ಕಲು' ಹತ್ತಿರ ಬಂದೆ. ಒಕ್ಕಲು ಅಂದರೆ ನೆಲೆಸಿ ಬಾಳುವುದು, ಹಾಗೆ ಬಾಳುವ ಮನೆತನವೂ ಹೌದು. ಗೃಹಪ್ರವೇಶಕ್ಕೆ 'ಮನೆಯೊಕ್ಕಲು' ಅನ್ನುವವರು ಈಗಲೂ ಇದ್ದಾರೆ. ಒಂದು ಐನ್‌ಮನೆಗೆ, ಅಂದರೆ ಕುಲದ ಮೂಲಮನೆಗೆ, ಸೇರಿದವರನ್ನು ಕೊಡವರು 'ಒಕ್ಕ' ಅನ್ನುವುದೂ ಇದೇ ಬೇರಿನದು. ಹಾಗಾದರೆ ಪಾಳುಬಿದ್ದ ಕಟ್ಟಡಕ್ಕೆ ಮತ್ತೆ ಜನ ಬಂದು ನೆಲೆಯಾಗುವುದನ್ನು 'ಮರುಒಕ್ಕಲು' ಅನ್ನಬಹುದೇ?

ಈ ಪದದ ಮೇಲೆ ನನಗೆ ಜಾಸ್ತಿ ಪ್ರೀತಿ ಬರಲು ಇನ್ನೊಂದು ಕಾರಣ 'ಒಕ್ಕಲೆಬ್ಬಿಸು'. ಹಳೇ ಪೇಟೆ ಚೆಂದ ಆಯಿತೆಂದರೆ ಬಾಡಿಗೆ ಏರುತ್ತದೆ. ಅಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವರು, ಕಾಫಿ ಪುಡಿ ಮಾಡಿದವರು ಎದ್ದು ಹೋಗಬೇಕಾಗುತ್ತದೆ. ಹೋಂಸ್ಟೇ ಒಂದೇ ಉಳಿಯುತ್ತದೆ. 'ಮರುಒಕ್ಕಲು' ಅಂತ ಬರೆದರೆ, ಒಕ್ಕಲು ಯಾರು ಅನ್ನುವ ಪ್ರಶ್ನೆ ಪದದೊಳಗೇ ಇರುತ್ತದೆ. ಮಡಿಕೇರಿ ಅನ್ನುವ ಹೆಸರೇ ಕೊಡಗಿನ ಅರಸ ಮುದ್ದುರಾಜನ ಕೇರಿ ಅಂತ ತಾನೇ? ಕೇರಿ ಅಂದರೆ ಬರೀ ಗೋಡೆಗಳಲ್ಲ, ಅಲ್ಲಿ ಬದುಕುವ ಜನ.

ಎರಡು ಅನುಮಾನ ಉಳಿದಿವೆ. ಮನೆಗೆ ಒಕ್ಕಲು ಸರಿ. ಆದರೆ ಗ್ರಂಥಾಲಯವೋ ಮ್ಯೂಸಿಯಮ್ಮೋ ಆದ ಕಟ್ಟಡಕ್ಕೂ ಇದು ಒಗ್ಗುತ್ತದೆಯೇ? ಇನ್ನೊಂದು, ಬರೆಯುವುದು ಹೇಗೆ? 'ಮನೆಯೊಕ್ಕಲು' ಥರ ಸಂಧಿ ಮಾಡಿ 'ಮರುವೊಕ್ಕಲು' ಅನ್ನಬೇಕೋ, ಬಿಡಿಸಿ ಬರೆದರೆ ಸಾಕೋ? ನಿಮ್ಮ ಕಡೆಯ ಗಾರೆ ಕೆಲಸದವರು, ಬಡಗಿಗಳು ಸುಮ್ನೆ ಮಾತಾಡುವಾಗ ಇದಕ್ಕೆ ಏನಾದರೂ ಹೇಳುತ್ತಾರಾದರೆ ಅದನ್ನೂ ತಿಳಿಸಿ. ಶುಕ್ರವಾರ ಸಂತೆಗೆ ಮೊದಲು ಕರಪತ್ರ ಅಚ್ಚಿಗೆ ಹೋಗಬೇಕು.