ಪದಚರ್ಚೆ: 'ಬಲಹೃದಯ'ವೋ, 'ಬಲಮುರಿ ಗುಂಡಿಗೆ'ಯೋ?

ಹುಟ್ಟಿನಿಂದಲೇ ಗುಂಡಿಗೆಯ ತುದಿ ಬಲಕ್ಕೆ ತಿರುಗಿರುವ ಡೆಕ್ಸ್ಟ್ರೊಕಾರ್ಡಿಯ ಇದ್ದವರು ಜೇಬಿನಲ್ಲಿ ಇಟ್ಟುಕೊಳ್ಳುವ ಚೀಟಿಗೆ ಒಂದು ಕನ್ನಡ ಪದ ಬೇಕು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಓದಿದ ಕೂಡಲೇ ತಿಳಿಯುವಂತಿರಬೇಕು.

'ಬಲಹೃದಯ' ಬೇಡ. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ ಎರಡಕ್ಕೂ ಸೇರಿಸಿ ಆ ಹೆಸರು ಆಗಲೇ ಸಂದುಹೋಗಿದೆ. ಚೀಟಿಯಲ್ಲಿ ಅದನ್ನು ಕಂಡ ವೈದ್ಯರು ಬಲ ಕೋಣೆಗಳ ಕಾಯಿಲೆ ಎಂದುಕೊಂಡಾರು. 'ಬಲಗುಂಡಿಗೆ'ಯ ತೊಡಕೇ ಬೇರೆ. ಬಲ ಎಂದರೆ ಶಕ್ತಿಯೂ ಹೌದು, ಗುಂಡಿಗೆ ಎಂದರೆ ಧೈರ್ಯವೂ ಹೌದು. ಗಟ್ಟಿಗ ಎಂದು ಹೊಗಳಿದಂತೆ ಕೇಳುತ್ತದೆ. 'ದಕ್ಷಿಣಹೃದಯ'ವೂ ಸಲ್ಲದು. ಪ್ರದಕ್ಷಿಣೆಯಲ್ಲಿ ಬಲದ ಅರ್ಥ ಉಳಿದಿದೆ ನಿಜ, ಆದರೆ ಇವತ್ತು ದಕ್ಷಿಣ ಅಂದರೆ ದಿಕ್ಕು. ಅಥಣಿಯವರು ಮೀರಜಿನ ಆಸ್ಪತ್ರೆಗೆ ಹೋದರೆ ಅಲ್ಲಿನ ಮರಾಠಿಯಲ್ಲೂ ಹಾಗೇ.

'ಎದಿ ಬಲಕ ಐತ್ರಿ' ಎಂಬ ಆಡುಮಾತು ಚೆಂದವೇ, ಆದರೆ ತುರ್ತಿನಲ್ಲಿ ಅಪಾಯ. ಎದಿ ಅಂದರೆ ಗುಂಡಿಗೆಯೂ ಹೌದು, ಎದೆಗೂಡೂ ಹೌದು. 'ಎದಿ ಬಲಕ ಹಿಡದೈತ್ರಿ' ಎಂದಂತೆ ಕೇಳಿಸಿ, ಬಲಗಡೆಯ ನೋವು ಎಂದೇ ಬರೆದುಕೊಳ್ಳುತ್ತಾರೆ. ಬಾಯಲ್ಲಿ ಹೇಳುವಾಗ 'ಹಾರ್ಟ್ ಬಲಕ ಐತ್ರಿ' ಎನ್ನುವುದೇ ಲೇಸು.

ಪದ ಇಷ್ಟು ಮುಖ್ಯವಾಗುವುದು ಇಸಿಜಿ ಮೇಜಿನ ಮೇಲೆ. ಇವರಿಗೆ ಎಂದಿನಂತೆ ತಂತಿ ಹಚ್ಚಿದರೆ ಮೊದಲನೇ ಲೀಡಿನ, ಅಂದರೆ ಎರಡು ಕೈಗಳ ನಡುವಿನ ದಾಖಲೆಯ, ಅಲೆಗಳು ಸಾಮಾನ್ಯವಾಗಿ ತಲೆಕೆಳಗಾಗುತ್ತವೆ. ಎಡಗೈ ಬಲಗೈ ತಂತಿ ಅದಲುಬದಲಾದಾಗಲೂ ಹಾಗೇ ಕಾಣುವುದರಿಂದ 'ತಂತಿ ತಪ್ಪಿದೆ' ಎಂದು ಮತ್ತೆ ತೆಗೆಯುತ್ತಾರೆ. ಎದೆಯ ಲೀಡುಗಳನ್ನು ನೋಡಬೇಕು: ತಂತಿ ತಪ್ಪಿದ್ದರೆ ಆರ್ ಅಲೆ (ಮೇಲಕ್ಕೆ ಚಿಮ್ಮುವ ಮೊನೆ) ಎಂದಿನಂತೆ ಎಡಕ್ಕೆ ಹೋದ ಹಾಗೆ ಬೆಳೆಯುತ್ತದೆ; ಇವರಲ್ಲಿ ಎದೆಮೂಳೆಯ ಬಲ ಅಂಚಿನ ವಿ1ರಿಂದ ಎಡ ಕಂಕುಳ ಕೆಳಗಿನ ವಿ6ರತ್ತ ಕುಗ್ಗುತ್ತ ಹೋಗುತ್ತದೆ. ಎದೆಯ ಬಿಲ್ಲೆಗಳನ್ನು ಬಲಬದಿಗೆ ಕನ್ನಡಿಯಂತೆ ಹಚ್ಚಿ, ಕೈತಂತಿಗಳನ್ನು ಅದಲುಬದಲು ಮಾಡಿ ಇನ್ನೊಂದು ಪ್ರತಿ ತೆಗೆದು, ಹೀಗೆ ತೆಗೆದದ್ದು ಎಂದು ಅದರ ಮೇಲೆಯೇ ಬರೆಯಬೇಕು.

ಇನ್ನೊಂದು ಬೇರ್ಪಾಟು. ಬಲ ಶ್ವಾಸಕೋಶ ಕುಗ್ಗಿ ಗುಂಡಿಗೆ ಆ ಕಡೆ ಎಳೆದುಕೊಂಡರೆ ಅದು 'ಸರಿದ ಗುಂಡಿಗೆ', ತುದಿ ಎಡಕ್ಕೇ ಇರುತ್ತದೆ. ಲಿವರ್ ಎಡಕ್ಕೆ, ಗುಲ್ಮ (ಸ್ಪ್ಲೀನ್) ಬಲಕ್ಕೆ, ಹೀಗೆ ಎಲ್ಲವೂ ಅದಲುಬದಲಾಗಿದ್ದರೆ 'ಅಂಗವಿಪರ್ಯಯ'. ಆಗ ಅಪೆಂಡಿಕ್ಸ್ ನೋವು ಎಡಗಡೆ ಬರಬಹುದು. ಚೀಟಿಯಲ್ಲಿ ಇದು ಇರಲೇಬೇಕು. ಬರೀ ಗುಂಡಿಗೆಯೊಂದೇ ತಿರುಗಿದ್ದರೆ ಅದರ ರಚನೆಯಲ್ಲಿ ಬೇರೆ ದೋಷಗಳಿರುವ ಸಂಭವ ಹೆಚ್ಚು, ಹಾಗಾಗಿ ಎರಡಕ್ಕೂ ಒಂದೇ ಪದ ಬಳಸುವಂತಿಲ್ಲ.

ನನ್ನ ಒಲವು 'ಬಲಮುರಿ ಗುಂಡಿಗೆ'ಯ ಕಡೆ. ಬಲಮುರಿ ಗಣಪನ ಸೊಂಡಿಲ ತುದಿ ಬಲಕ್ಕೆ ತಿರುಗಿರುವುದು ಎಲ್ಲರಿಗೂ ಗೊತ್ತು; ಇಲ್ಲೂ ತಿರುಗಿರುವುದು ತುದಿಯೇ. ಅಳುಕು ಒಂದೇ: ಜಮಖಂಡಿ, ಇಂಡಿ ಕಡೆಯವರ ಕಿವಿಗೆ 'ಮುರಿ' ಎಂದರೆ ತಿರುವು ಎನಿಸುತ್ತದೆಯೋ, ಮುರಿದದ್ದು ಎನಿಸುತ್ತದೆಯೋ? ಆ ಕಡೆಯ ಮಾತು ಬಲ್ಲವರು ತಿಳಿಸಬೇಕು.