ಪದಚರ್ಚೆ: ಜಿರೇನಿಯಂ ಅಥವಾ ಪೆಲಾರ್ಗೋನಿಯಂ?

ಮಾನ್ಯರೇ,

ಮೈಸೂರಿನ ನಮ್ಮ ಬಡಾವಣೆಯ ಹೂಗಿಡಪ್ರಿಯರಿಗಾಗಿ ಕುಂಡದ ಗಿಡಗಳ ಕಿರು ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಒಂದು ಗಿಡದ ಹೆಸರನ್ನು ಹೇಗೆ ಅಚ್ಚು ಹಾಕಬೇಕೆಂಬ ಪ್ರಶ್ನೆ ಎದ್ದಿದೆ. ದುಂಡನೆಯ ಎಲೆ, ಎಲೆಯ ಮೇಲೆ ಕಂದು ವರ್ತುಲ, ಉದ್ದನೆಯ ತೊಟ್ಟಿನ ತುದಿಯಲ್ಲಿ ಕೆಂಪು ಹೂಗೊಂಚಲು; ನರ್ಸರಿಗಳಲ್ಲಿ ಇದು ಜಿರೇನಿಯಂ. ಸಸ್ಯಶಾಸ್ತ್ರದಲ್ಲಿ ಪೆಲಾರ್ಗೋನಿಯಂ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನೂ ನಿಜವಾದ ಜಿರೇನಿಯಂ ಗಿಡಗಳನ್ನೂ ಜಿರೇನಿಯಂ ಕುಲದಲ್ಲಿಯೇ ಸೇರಿಸಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಅವನ್ನು ಬೇರ್ಪಡಿಸಿದ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ರೂಢಿಯಲ್ಲಿರುವುದೇ ಸಾಕು ಎಂದು ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಇಲ್ಲಿ ಹೆಸರಿನ ಗೊಂದಲ ಗಿಡದ ಜೀವಕ್ಕೇ ಮುಳುವಾಗುತ್ತದೆ. ನಿಜವಾದ ಜಿರೇನಿಯಂನ ಹಲವು ಜಾತಿಗಳು ಚಳಿನಾಡಿನವು. ಹಿಮವನ್ನೂ ಅರೆನೆರಳನ್ನೂ ತೇವದ ನೆಲವನ್ನೂ ತಾಳಿಕೊಳ್ಳುತ್ತವೆ. ಪೆಲಾರ್ಗೋನಿಯಂನ ಹೆಚ್ಚಿನ ಜಾತಿಗಳ ತವರು ದಕ್ಷಿಣ ಆಫ್ರಿಕಾ. ಬುಡದಲ್ಲಿ ನೀರು ನಿಂತರೆ ಕಾಂಡ ಕಪ್ಪಾಗಿ ಕೊಳೆಯುತ್ತದೆ. ನಮ್ಮ ಊರಿನಲ್ಲಿ ಅದಕ್ಕೆ ಬೆಳಗಿನ ಬಿಸಿಲು, ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ನೆರಳು, ಮಳೆಗಾಲದಲ್ಲಿ ಸೂರಿನ ಆಸರೆ ಬೇಕು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಬೇಕು. ಕಡ್ಡಿ ನೆಡುವುದಾದರೆ ಕತ್ತರಿಸಿದ ತುದಿಯನ್ನು ಕೆಲವು ಗಂಟೆ ಆರಲು ಬಿಟ್ಟು, ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಇನ್ನೊಂದು ಗಿಡದ ಆರೈಕೆಯನ್ನು ಓದಿಕೊಂಡು ಇದಕ್ಕೆ ನೀರೆರೆದರೆ ಗತಿಯೇನು?

ಎರಡು ಹೆಸರುಗಳೂ ಹಕ್ಕಿಗಳ ಗ್ರೀಕ್ ಹೆಸರುಗಳಿಂದ ಬಂದವು. ಗೆರಾನೋಸ್ ಎಂದರೆ ಕ್ರೌಂಚ, ಪೆಲಾರ್ಗೋಸ್ ಎಂದರೆ ಕೊಕ್ಕರೆ. ಕಾಯಿಯ ತುದಿ ಕೊಕ್ಕಿನಂತೆ ಚಾಚಿಕೊಂಡಿರುವುದೇ ಕಾರಣ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಯೂ ಈ ಪೆಲಾರ್ಗೋಸ್‌ನ ಬಳಗದ್ದೇ. ಇದನ್ನು ಕಂಡ ಗೆಳೆಯರೊಬ್ಬರು ‘ಕೊಕ್ಕರೆಗಿಡ’ ಎಂದು ಬರೆಯಿರಿ ಎನ್ನುತ್ತಾರೆ. ಪದ ಸೊಗಸಾಗಿದೆ, ಆದರೆ ಆ ಹೆಸರು ಹೇಳಿ ನರ್ಸರಿಯಲ್ಲಿ ಯಾರೂ ಗಿಡ ಕೊಳ್ಳಲಾರರು. ‘ಪೆಲಾರ್ಗೋನಿಯಂ’ ಎಂದು ಬರೆದು, ಮೊದಲ ಸಲ ಮಾತ್ರ ‘ನರ್ಸರಿಗಳಲ್ಲಿ ಜಿರೇನಿಯಂ’ ಎಂದು ಸೇರಿಸುವುದು ನನ್ನ ಒಲವು.

ಇನ್ನೆರಡು ಪದಗಳಿಗೆ ನಿಮ್ಮ ನೆರವು ಬೇಕು. ಎಲೆಯ ಮೇಲಿನ ಕಂದು ವರ್ತುಲದಿಂದಲೇ ಗುರುತಿಸುವ ತಳಿಗಳಿಗೆ ‘ಬಳೆಯೆಲೆ’ ಎನ್ನಬಹುದೇ? ‘ಪಟ್ಟೆಯೆಲೆ’ ಎಂದರೆ ಉದ್ದುದ್ದ ಗೆರೆಗಳು ಕಣ್ಣಿಗೆ ಬರುತ್ತವೆ. ಮತ್ತೆ, ಬಾಡಿದ ಹೂಗೊಂಚಲನ್ನು ತೊಟ್ಟಿನ ಸಮೇತ ಗೆಣ್ಣಿನ ಬಳಿ ಮುರಿದು ತೆಗೆಯುವ ಕೆಲಸಕ್ಕೆ ಮಂಡ್ಯ, ಮೈಸೂರು ಕಡೆಯ ಹೂವಿನ ಬೆಳೆಗಾರರು ಯಾವ ಪದ ಬಳಸುತ್ತಾರೆ? ‘ಚಿವುಟುವುದು’ ಕುಡಿಗೆ ಸಲ್ಲುವ ಮಾತು. ಇದಕ್ಕೆ ಬೇರೊಂದು ಕ್ರಿಯಾಪದ ಬಳಕೆಯಲ್ಲಿದ್ದರೆ, ಯಾವ ಊರಿನಲ್ಲಿ ಕೇಳಿದಿರಿ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.