ಮೂರು ತಾಸಿನ ದೊಡ್ಡಾಟದ ಎಚ್‌ಡಿ ವಿಡಿಯೊ: ಡಿವಿಡಿಗೆ ಇಳಿಸುವಾಗ ಚಿತ್ರ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ – ಜಮಖಂಡಿ ತಾಲ್ಲೂಕಿನಿಂದ

ಎಲ್ಲರಿಗೂ ಶರಣು. ನಮ್ಮೂರ ಜಾತ್ರೆಯಲ್ಲಿ ಬೆಳತನಕ ನಡೆದ ದೊಡ್ಡಾಟವನ್ನು ಎವಿಸಿಎಚ್‌ಡಿ (ಎಚ್.264 ವಿಧಾನದಲ್ಲಿ ಸಂಕುಚಿಸಿದ ಎಚ್‌ಡಿ ವಿಡಿಯೊ) ಕ್ಯಾಮೆರಾದಲ್ಲಿ 1920×1080 ಅಳತೆಯಲ್ಲಿ, ಸೆಕೆಂಡಿಗೆ 50 ಫೀಲ್ಡ್‌ಗಳ (ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರಗಳ) ಇಂಟರ್‌ಲೇಸ್ ವಿಧಾನದಲ್ಲಿ ಚಿತ್ರೀಕರಿಸಿ, ಎಡಿಟ್ ಮಾಡಿ ಮೂರು ತಾಸಿಗೆ ಇಳಿಸಿದ್ದೇನೆ. ಮೇಳದ ಹಿರಿಯ ಕಲಾವಿದರ ಮನೆಗಳಲ್ಲಿ ಇಂದಿಗೂ ಹಳೆಯ ಡಿವಿಡಿ ಪ್ಲೇಯರ್‌ಗಳೇ ಇರುವುದರಿಂದ, ಅವರಿಗೆ ಡಿಸ್ಕ್ ರೂಪದಲ್ಲೇ ಕೊಡಬೇಕೆಂಬುದು ನನ್ನ ಆಸೆ. ಮೂರು ತಾಸನ್ನೂ ಒಂದೇ ಡಿಸ್ಕ್‌ಗೆ ತುಂಬಿ ನೋಡಿದಾಗ ಎರಡು ದೋಷಗಳು ಕಂಡವು. ವೇಷಧಾರಿ ಗಿರಕಿ ಹೊಡೆದು ಕುಣಿಯುವಾಗ ಭುಜಕೀರ್ತಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಹಿಂದಿನ ಕಪ್ಪು ಪರದೆಯ ಮೇಲೆ ಚೌಕಾಕಾರದ ತುಣುಕುಗಳು ಮಿಸುಕಾಡುತ್ತವೆ. ಮೂಲ ಫೈಲು ಕಂಪ್ಯೂಟರಿನಲ್ಲಿ ಸ್ವಚ್ಛವಾಗಿಯೇ ಕಾಣುತ್ತದೆ. ಹಾಗಿದ್ದರೆ ಯಾವ ಹಂತದಲ್ಲಿ ಕೆಡುತ್ತಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ – ವಿಜಯಪುರದಿಂದ

ಸರ್, ಶರಣು. ತಾವು ಹೇಳಿದ ಎರಡು ದೋಷಗಳಿಗೂ ಕಾರಣ ಬೇರೆ ಬೇರೆ.

ಮೊದಲು ಚೌಕಗಳ ಮಾತು. 4.7 ಜಿಬಿ ಡಿಸ್ಕ್ ಎಂದರೆ ಸುಮಾರು 37,600 ಮೆಗಾಬಿಟ್. ಮೂರು ತಾಸಿಗೆ 10,800 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 3.5 ಮೆಗಾಬಿಟ್ ಕೂಡ ಸಿಗುವುದಿಲ್ಲ, ಅದರಲ್ಲೇ ಧ್ವನಿಯೂ ಸೇರಬೇಕು. ಡಿವಿಡಿ ಪ್ಲೇಯರ್ ಓದುವುದು ಎಂಪೆಗ್-2 ಎಂಬ ಹಳೆಯ ಸಂಕುಚನ ವಿಧಾನದ ಚಿತ್ರವನ್ನು. ಅದು ತಮ್ಮ ಕ್ಯಾಮೆರಾದ ಎಚ್.264ರಷ್ಟು ಬಿಗಿಯಾಗಿ ಸಂಕುಚಿಸಲಾರದು. ಮೇಲಾಗಿ ಇದು ರಾತ್ರಿಯ ಚಿತ್ರೀಕರಣ. ಬೆಳಕು ಸಾಲದಾದಾಗ ಕ್ಯಾಮೆರಾ ಗೇನ್ (ಸಂಕೇತದ ವರ್ಧನೆ) ಏರಿಸಿಕೊಳ್ಳುತ್ತದೆ, ಆಗ ಕಪ್ಪು ಪರದೆಯ ತುಂಬ ಸಣ್ಣ ಕಾಳುಗಳು ಹುಟ್ಟುತ್ತವೆ. ಆ ಕಾಳುಗಳು ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುವುದರಿಂದ ಎನ್‌ಕೋಡರ್ (ಚಿತ್ರವನ್ನು ಸಂಕುಚಿಸುವ ತಂತ್ರಾಂಶ) ಅವನ್ನು ಚಲನೆಯೆಂದೇ ಎಣಿಸಿ, ವೇಷಧಾರಿಯ ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ಖಾಲಿ ಪರದೆಗೆ ಸುರಿದುಬಿಡುತ್ತದೆ. ಕಿರೀಟದ ಮಿಂಚುವ ಕಾಗದ, ಕನ್ನಡಿ ಚೂರುಗಳೂ ಅದಕ್ಕೆ ದುಬಾರಿಯೇ.

ಆದ್ದರಿಂದ ಆಟವನ್ನು ತಲಾ ಒಂದೂವರೆ ತಾಸಿನ ಎರಡು ಡಿಸ್ಕ್‌ಗಳಾಗಿ ಮಾಡಿರಿ. ಆಗ ಸೆಕೆಂಡಿಗೆ ಸರಾಸರಿ 6.4 ಮೆಗಾಬಿಟ್ ಚಿತ್ರಕ್ಕೇ ಸಿಗುತ್ತದೆ. ವೇರಿಯಬಲ್ ಬಿಟ್‌ರೇಟ್ (ದೃಶ್ಯಕ್ಕೆ ತಕ್ಕಂತೆ ಬಿಟ್ ಹಂಚುವುದು), ಎರಡು ಪಾಸ್ (ಮೊದಲ ಸಲ ಅಳೆದು, ಎರಡನೇ ಸಲ ಸಂಕುಚಿಸುವುದು) ಆರಿಸಿಕೊಳ್ಳಿರಿ. ಡಿವಿಡಿಯ ನಿಯಮ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಅವಕಾಶ ಕೊಟ್ಟರೂ, ಹಳೆಯ ಪ್ಲೇಯರ್‌ಗಳು ತಡವರಿಸದಿರಲೆಂದು ಗರಿಷ್ಠ ಮಿತಿಯನ್ನು 8ಕ್ಕೆ ನಿಲ್ಲಿಸುವುದು ಲೇಸು. ಎನ್‌ಕೋಡ್ ಮಾಡುವ ಮುನ್ನ ಹಗುರವಾಗಿ ಡಿನಾಯ್ಸ್ ಮಾಡಿರಿ, ಅಂದರೆ ಆ ಕಾಳುಗಳನ್ನು ಫಿಲ್ಟರ್‌ನಿಂದ ತಗ್ಗಿಸಿರಿ. ಹಗುರವಾಗಿ ಎಂಬುದನ್ನು ಒತ್ತಿ ಹೇಳುತ್ತೇನೆ: ಫಿಲ್ಟರ್ ಹೆಚ್ಚಾದರೆ ಕಣ್ಣಿನ ಸುತ್ತ ಬಣ್ಣದಲ್ಲಿ ಬರೆದ ಗೆರೆಗಳೂ ಅಳಿಸಿಹೋಗುತ್ತವೆ, ಆ ಗೆರೆಗಳಿಲ್ಲದೆ ದೊಡ್ಡಾಟದ ಮುಖವೇ ಇಲ್ಲ.

ಇನ್ನು ಅಂಚು ಸೀಳುವುದು. ಇಂಟರ್‌ಲೇಸ್ ಚಿತ್ರದಲ್ಲಿ ಸರಿ ಸಾಲುಗಳು ಒಂದು ಕ್ಷಣದವಾದರೆ ಬೆಸ ಸಾಲುಗಳು ಸೆಕೆಂಡಿನ 50ನೇ ಒಂದು ಭಾಗದಷ್ಟು ನಂತರದವು. 1080 ಸಾಲುಗಳನ್ನು ನೇರವಾಗಿ ಡಿವಿಡಿಯ 576 ಸಾಲುಗಳಿಗೆ ಕುಗ್ಗಿಸಿದರೆ ಎರಡು ಕ್ಷಣಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಯಾವ ಪ್ಲೇಯರ್ ಕೂಡ ಅದನ್ನು ಬಿಡಿಸಲಾರದು. ಮೊದಲು ಡಿಇಂಟರ್‌ಲೇಸ್ ಮಾಡಿ ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳನ್ನು ಪಡೆದು, ಅವನ್ನು 720×576ಕ್ಕೆ ಕುಗ್ಗಿಸಿ, ಬಳಿಕ ಮತ್ತೆ ಇಂಟರ್‌ಲೇಸ್ ಮಾಡಬೇಕು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಈ ಮೂರನ್ನೂ ಒಂದೇ ಓಟದಲ್ಲಿ ಮಾಡಬಹುದು. ಫೀಲ್ಡ್ ಕ್ರಮ ಮೊದಲಿನಿಂದ ಕೊನೆಯವರೆಗೂ ಮೇಲಿನ ಫೀಲ್ಡ್ ಮೊದಲು ಎಂದೇ ಇರಲಿ, ಮತ್ತು 16:9 ಎಂಬ ಗುರುತನ್ನು ಹಾಕಲು ಮರೆಯಬೇಡಿರಿ. ಅದಿಲ್ಲದಿದ್ದರೆ ಪಾತ್ರಗಳೆಲ್ಲ ಸಪೂರವಾಗಿ ಕಾಣುತ್ತವೆ.

ಉತ್ತರ – ಬೆಳಗಾವಿಯಿಂದ

ಮೇಲಿನವರ ಮಾತು ಸರಿಯಾಗಿದೆ. ಎರಡು ಡಿಸ್ಕ್ ಬೇಡವೆನಿಸಿದರೆ 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ಉಂಟು, ಆದರೆ ಹಳೆಯ ಪ್ಲೇಯರ್‌ಗಳಲ್ಲಿ ಅದನ್ನು ನಾನು ನೆಚ್ಚುವುದಿಲ್ಲ. ಸಾದಾ ಡಿವಿಡಿ-ಆರ್ ಸಾಕು. ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ಎಸಿ-3 ಎಂಬ ಡಿವಿಡಿ ಧ್ವನಿ ರೂಪಕ್ಕೆ ಬದಲಿಸಿ ಸೆಕೆಂಡಿಗೆ 256 ಕಿಲೋಬಿಟ್ ಕೊಡಿರಿ. ಮದ್ದಳೆಯ ಪೆಟ್ಟು ಮತ್ತು ತಾಳದ ಸದ್ದು ಅದಕ್ಕಿಂತ ಬಹಳ ಕೆಳಗಿಳಿದರೆ ಮಂಕಾಗುತ್ತವೆ. ಅತಿ ಹೆಚ್ಚಿನ ವೇಗದಲ್ಲಿ ರೈಟ್ ಮಾಡದೆ 4ಎಕ್ಸ್ ಅಥವಾ 8ಎಕ್ಸ್ ಇಟ್ಟು, ಮುಗಿದ ಮೇಲೆ ವೆರಿಫೈ ಮಾಡಿಸಿರಿ. ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿರಿ, ಅದರಿಂದ ತಿರುಗುವಾಗ ತೂಕ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾದ ಮೂಲ ಫೈಲುಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತ್ಯೇಕವಾಗಿ ಕಾಯ್ದಿಡಿರಿ. ಡಿವಿಡಿ ನೋಡುವುದಕ್ಕಷ್ಟೇ, ಅದರಿಂದ ಎಚ್‌ಡಿ ಚಿತ್ರವನ್ನು ಮರಳಿ ಪಡೆಯಲಾಗದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಅನಂತ ವಂದನೆಗಳು. ಹೇಳಿದ ಕ್ರಮದಲ್ಲಿ ಯುದ್ಧದ ಕುಣಿತದ ಭಾಗವೊಂದನ್ನೇ ಮಾಡಿ ನೋಡಿದೆ, ಭುಜಕೀರ್ತಿಯ ಅಂಚು ಈಗ ನೀಟಾಗಿ ನಿಂತಿದೆ. ಇನ್ನೊಂದು ವಿಚಾರ: ರಿಮೋಟಿನ ಗುಂಡಿ ಒತ್ತಿದರೆ ಬೇಕಾದ ಪ್ರವೇಶಕ್ಕೆ ಹೋಗುವಂತೆ ಮಾಡಿದೆನಾದರೂ, ಹಿಂದಿನ ಪ್ರವೇಶದ ಕೊನೆಯ ಕ್ಷಣ ಇಣುಕಿ ಹೋಗುತ್ತದೆ.

ಉತ್ತರ – ವಿಜಯಪುರದಿಂದ

ಡಿವಿಡಿಯ ಅಧ್ಯಾಯಗಳು ಎಂಪೆಗ್-2ರ ಫ್ರೇಮ್ ಗುಂಪು ಆರಂಭವಾಗುವಲ್ಲಿ ಮಾತ್ರ ಶುರುವಾಗಬಲ್ಲವು. ನಮ್ಮಲ್ಲಿನ ಪಾಲ್ ಟಿವಿ ಪದ್ಧತಿಯಲ್ಲಿ (ಸೆಕೆಂಡಿಗೆ 25 ಫ್ರೇಮ್) ಒಂದು ಗುಂಪಿಗೆ ಸಾಮಾನ್ಯವಾಗಿ 12ರಿಂದ 15 ಫ್ರೇಮ್‌ಗಳಿರುವುದರಿಂದ, ತಾವು ಕೊಟ್ಟ ಸಮಯ ಅರ್ಧ ಸೆಕೆಂಡಿನಷ್ಟು ಹಿಂದಕ್ಕೆ ಸರಿದಿರಬೇಕು. ಪ್ರತಿ ಪಾತ್ರದ ಪ್ರವೇಶದ ಸಮಯವನ್ನು ಮೊದಲೇ ಬರೆದುಕೊಂಡು, ಎನ್‌ಕೋಡ್ ಮಾಡುವಾಗ ಆ ಜಾಗಗಳಲ್ಲಿ ಕೀಫ್ರೇಮ್ (ಹೊಸ ಗುಂಪನ್ನು ಆರಂಭಿಸುವ ಪೂರ್ಣ ಚಿತ್ರ) ಕಡ್ಡಾಯಗೊಳಿಸಿರಿ. ಆಮೇಲೆ ಡಿವಿಡಿ ಸಿದ್ಧಪಡಿಸುವ ಡಿವಿಡಿಸ್ಟೈಲರ್ ತಂತ್ರಾಂಶದಲ್ಲಿ ಅವೇ ಸಮಯಗಳನ್ನು ಅಧ್ಯಾಯಗಳಿಗೆ ಕೊಟ್ಟರೆ ಸಾರಥಿಯ ಮೊದಲ ಹೆಜ್ಜೆಯಿಂದಲೇ ಚಿತ್ರ ಶುರುವಾಗುತ್ತದೆ.